ಬಿತ್ತದ ಹೊಲಕ್ಕೆ ಸರ್ಕಾರದ ಬಾಡಿಗೆ

ಬೆಳೆದ ಬೆಳೆಗೆ ಹಣ ಸಿಗುವುದು ಲೋಕರೂಢಿ. ಬೆಳೆಯದೆ ಬಿಟ್ಟ ಹೊಲಕ್ಕೂ ಹಣ ಕೊಡುವ ಪದ್ಧತಿ ಅಮೆರಿಕದಲ್ಲಿದೆ. ಕಾನ್ಸಾಸ್, ಟೆಕ್ಸಾಸ್, ಉತ್ತರ ಡಕೋಟ ಮುಂತಾದ ರಾಜ್ಯಗಳಲ್ಲಿ ಗೋಧಿ ಹೊಲಗಳ ನಡುವೆ ಎತ್ತರದ ಹುಲ್ಲು ಬೆಳೆದು ನಿಂತ ವಿಶಾಲ ಭೂಮಿ ಕಾಣಿಸುತ್ತದೆ. ನೋಡಿದವರಿಗೆ ಅದು ಒಡೆಯನಿಲ್ಲದೆ ಪಾಳುಬಿದ್ದ ಹೊಲ ಎನಿಸಬಹುದು. ಆದರೆ ಅದರಲ್ಲಿ ಹುಲ್ಲು ಬಿತ್ತಿದವನು ರೈತನೇ. ಹತ್ತು ಅಥವಾ ಹದಿನೈದು ವರ್ಷ ಆ ಹೊಲವನ್ನು ಉಳುವುದಿಲ್ಲವೆಂದು ಅವನು ಸರ್ಕಾರಕ್ಕೆ ಕರಾರು ಬರೆದುಕೊಟ್ಟಿರುತ್ತಾನೆ. ಅದಕ್ಕೆ ಪ್ರತಿಯಾಗಿ ಎಕರೆಗೆ ಇಷ್ಟು ಡಾಲರ್ ಎಂಬಂತೆ ವರ್ಷಕ್ಕೊಮ್ಮೆ ಅವನ ಖಾತೆಗೆ ಬಾಡಿಗೆ ಜಮಾ ಆಗುತ್ತದೆ.

ಇದು ಸೋಮಾರಿತನಕ್ಕೆ ಕೊಡುವ ಸಂಬಳ ಎಂದು ಹಂಗಿಸುವವರು ಆ ದೇಶದಲ್ಲಿಯೇ ಇದ್ದಾರೆ. ಇದೇ ಇಲ್ಲದಿದ್ದರೆ ದೇಶದ ಮಣ್ಣು ಎಂದೋ ಗಾಳಿಪಾಲಾಗುತ್ತಿತ್ತು ಎನ್ನುವವರೂ ಇದ್ದಾರೆ. ಮಣ್ಣನ್ನು, ನೀರನ್ನು, ಹುಲ್ಲುಗಾವಲನ್ನು ಕಾಪಾಡಲೆಂದು ರೈತರಿಗೆ ಮತ್ತು ದನ ಸಾಕುವವರಿಗೆ ಸಹಾಯಧನ ಕೊಡುವ ಈ ಪದ್ಧತಿಗೆ ಈಗ ಸುಮಾರು ತೊಂಬತ್ತು ವರ್ಷ. ಭೂಮಿಯ ಮೇಲಿನ ಕಾಳಜಿಯನ್ನು ಹಣ ಕೊಟ್ಟು ಕೊಳ್ಳಬಹುದೇ, ಕೊಂಡರೆ ಅದು ಎಷ್ಟು ದಿನ ಬಾಳುತ್ತದೆ ಎಂಬ ಪ್ರಶ್ನೆಗೆ ಈ ತೊಂಬತ್ತು ವರ್ಷಗಳ ಅನುಭವದಲ್ಲಿ ಉತ್ತರ ಹುಡುಕಬಹುದು.

ಧೂಳಿನಲ್ಲಿ ಹುಟ್ಟಿದ್ದು

ಕಥೆ ಶುರುವಾಗುವುದು ಮೊದಲನೆಯ ಮಹಾಯುದ್ಧದ ಕಾಲದಲ್ಲಿ. ಯುರೋಪಿನ ಹೊಲಗಳು ರಣರಂಗವಾದಾಗ ಅಮೆರಿಕದ ಗೋಧಿಗೆ ಎಲ್ಲಿಲ್ಲದ ಬೇಡಿಕೆ ಬಂತು. ಒಂದು ಬುಶೆಲ್, ಅಂದರೆ ಸುಮಾರು 27 ಕಿಲೋ ಗೋಧಿಗೆ ಎರಡು ಡಾಲರಿಗೂ ಹೆಚ್ಚು ಬೆಲೆ ಸಿಕ್ಕಿತು. ದೇಶದ ಮಧ್ಯಭಾಗದ ಬಯಲುಸೀಮೆಯಲ್ಲಿ ಮಳೆ ಕಡಿಮೆ, ಗಾಳಿ ಹೆಚ್ಚು. ಸಾವಿರಾರು ವರ್ಷಗಳಿಂದ ಅಲ್ಲಿನ ಮಣ್ಣನ್ನು ಹಿಡಿದಿಟ್ಟದ್ದು ಗಿಡ್ಡ ಜಾತಿಯ ಹುಲ್ಲಿನ ದಟ್ಟ ಬೇರು. ಬೆಲೆಯ ಆಸೆಗೆ ಟ್ರ್ಯಾಕ್ಟರುಗಳು ಲಕ್ಷಾಂತರ ಎಕರೆ ಹುಲ್ಲುನೆಲವನ್ನು ಮಗುಚಿ ಹಾಕಿದವು. ಮುಂದೆ 1930ರ ಹೊತ್ತಿಗೆ ಬೆಲೆ ಕುಸಿಯಿತು. ನಷ್ಟ ತುಂಬಿಕೊಳ್ಳಲು ರೈತರು ಮತ್ತಷ್ಟು ನೆಲ ಉತ್ತರು. ಅಷ್ಟರಲ್ಲಿ ಬರ ಬಂತು. ಬೆಳೆಯೂ ಇಲ್ಲದ, ಹುಲ್ಲೂ ಇಲ್ಲದ ಬತ್ತಲೆ ಮಣ್ಣು ಗಾಳಿಗೆ ಸಿಕ್ಕಿತು.

ಧೂಳಿನ ಬಟ್ಟಲು ಎಂಬ ಅರ್ಥದ ‘ಡಸ್ಟ್ ಬೌಲ್’ ಹೆಸರಿನಿಂದ ಆ ದಶಕ ಚರಿತ್ರೆಯಲ್ಲಿ ಉಳಿದಿದೆ. ಮೇ 1934ರಲ್ಲಿ ಎದ್ದ ಬಿರುಗಾಳಿ ಬಯಲುಸೀಮೆಯ ಮಣ್ಣನ್ನು ನ್ಯೂಯಾರ್ಕ್, ವಾಷಿಂಗ್ಟನ್ ನಗರಗಳ ಮೇಲೆ ಸುರಿದು, ಅಟ್ಲಾಂಟಿಕ್ ಸಾಗರದ ಹಡಗುಗಳವರೆಗೆ ಒಯ್ದಿತು. 1935ರ ಏಪ್ರಿಲ್ 14ರ ಭಾನುವಾರ ಹಗಲನ್ನೇ ಇರುಳಾಗಿಸಿದ ಧೂಳಿನ ಗೋಡೆ ಬಂದಿತು. ಆ ದಿನವನ್ನು ಈಗಲೂ ‘ಕಪ್ಪು ಭಾನುವಾರ’ ಎಂದೇ ಕರೆಯುತ್ತಾರೆ. ಲಕ್ಷಾಂತರ ಜನ ಮನೆಮಠ ಬಿಟ್ಟು ಗುಳೆ ಹೋದರು.

ಈ ಅನಾಹುತವನ್ನು ಮೊದಲೇ ಕಂಡು ಎಚ್ಚರಿಸಿದ್ದವರು ಹ್ಯೂ ಹ್ಯಾಮಂಡ್ ಬೆನೆಟ್. ಉತ್ತರ ಕೆರೊಲಿನಾದ ರೈತ ಕುಟುಂಬದಿಂದ ಬಂದ ಬೆನೆಟ್ 1903ರಿಂದ ಕೃಷಿ ಇಲಾಖೆಯಲ್ಲಿ ಮಣ್ಣಿನ ಸಮೀಕ್ಷೆ ಮಾಡುತ್ತಿದ್ದರು. ಮಣ್ಣಿನ ಸವಕಳಿ ಇಡೀ ರಾಷ್ಟ್ರಕ್ಕೇ ಅಪಾಯ ಎಂದು ಅವರು 1928ರಲ್ಲಿಯೇ ಇಲಾಖೆಯ ಒಂದು ಪ್ರಕಟಣೆಯಲ್ಲಿ ಬರೆದಿದ್ದರು. 1935ರ ವಸಂತದಲ್ಲಿ ಸೆನೆಟ್ ಸಮಿತಿಯ ಮುಂದೆ ವಾದಿಸುವಾಗ ಧೂಳಿನ ಮೋಡ ರಾಜಧಾನಿಯತ್ತ ಬರುತ್ತಿರುವ ಸುದ್ದಿ ಅವರಿಗೆ ತಿಳಿದಿತ್ತು, ಅದು ಕಿಟಕಿಯಾಚೆ ಕಾಣುವವರೆಗೂ ಬೇಕೆಂದೇ ಮಾತು ಬೆಳೆಸಿದರು ಎಂಬ ಕತೆ ಪ್ರಸಿದ್ಧ. ಕತೆ ಹೇಗೇ ಇರಲಿ, ಅದೇ ಏಪ್ರಿಲ್ 27ರಂದು ಮಣ್ಣು ಸಂರಕ್ಷಣಾ ಕಾಯ್ದೆ ಜಾರಿಗೆ ಬಂತು. ಅದಕ್ಕಾಗಿ ತೆರೆದ ಹೊಸ ಇಲಾಖೆಗೆ ಬೆನೆಟ್ ಅವರೇ ಮುಖ್ಯಸ್ಥರಾದರು.

ನ್ಯಾಯಾಲಯ ತೆರೆದ ಬಾಗಿಲು

ಆರಂಭದಲ್ಲಿ ಸರ್ಕಾರ ಕೊಡುತ್ತಿದ್ದುದು ಮುಖ್ಯವಾಗಿ ಸಲಹೆ, ಬೀಜ, ಸುಣ್ಣ, ಬೇಲಿ ಸಾಮಾನು ಮತ್ತು ಕೂಲಿಗಳ ನೆರವು. 1933ರಲ್ಲಿ ವಿಸ್ಕಾನ್ಸಿನ್ ರಾಜ್ಯದ ಕೂನ್ ವ್ಯಾಲಿ ಎಂಬಲ್ಲಿ ಮೊದಲ ಜಲಾನಯನ ಪ್ರಾತ್ಯಕ್ಷಿಕೆ ನಡೆಯಿತು. ಇಳಿಜಾರಿಗೆ ಅಡ್ಡಲಾಗಿ ಉಳುವುದು, ಜೋಳದ ಪಟ್ಟೆಗಳ ನಡುವೆ ಹುಲ್ಲಿನ ಪಟ್ಟೆ ಬಿಡುವುದು, ಕೊರಕಲುಗಳಿಗೆ ಒಡ್ಡು ಹಾಕುವುದನ್ನು ರೈತರಿಗೆ ಮಾಡಿ ತೋರಿಸಲಾಯಿತು.

ರೈತನ ಕೈಗೆ ದೊಡ್ಡ ಪ್ರಮಾಣದಲ್ಲಿ ನಗದು ಬರುವಂತಾದದ್ದು ಒಂದು ಆಕಸ್ಮಿಕದಿಂದ. ಬೆಲೆ ಏರಿಸಲು ಬಿತ್ತನೆ ಕಡಿಮೆ ಮಾಡಿದ ರೈತರಿಗೆ ಪರಿಹಾರ ಕೊಡುವ ಕಾಯ್ದೆಯೊಂದನ್ನು ಅಧ್ಯಕ್ಷ ರೂಸ್‌ವೆಲ್ಟ್ ಸರ್ಕಾರ 1933ರಲ್ಲಿ ತಂದಿತ್ತು. ಕೃಷಿ ಉತ್ಪಾದನೆಯನ್ನು ನಿಯಂತ್ರಿಸುವುದು ಕೇಂದ್ರದ ಅಧಿಕಾರವಲ್ಲ ಎಂದು 1936ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದುಪಡಿಸಿತು. ಎರಡು ತಿಂಗಳು ತುಂಬುವ ಮೊದಲೇ ಸರ್ಕಾರ ಬೇರೆ ದಾರಿ ಕಂಡುಕೊಂಡಿತು. ಗೋಧಿ, ಮುಸುಕಿನ ಜೋಳ, ಹತ್ತಿ, ತಂಬಾಕುಗಳನ್ನು ‘ಮಣ್ಣು ಸವೆಸುವ ಬೆಳೆ’ಗಳೆಂದೂ ಹುಲ್ಲು, ದ್ವಿದಳ ಜಾತಿಗಳನ್ನು ‘ಮಣ್ಣು ಕಟ್ಟುವ ಬೆಳೆ’ಗಳೆಂದೂ ವಿಂಗಡಿಸಿ, ಮೊದಲನೆಯದರಿಂದ ಎರಡನೆಯದಕ್ಕೆ ಬದಲಾದವರಿಗೆ ಹಣ ಕೊಡುವ ಕಾಯ್ದೆ ಬಂತು. ಹೆಸರು ಮಣ್ಣಿನ ಸಂರಕ್ಷಣೆಯದು. ಒಳಗಿನ ಉದ್ದೇಶದಲ್ಲಿ ಬೆಲೆ ಏರಿಸುವುದೂ ಸೇರಿತ್ತು.

ಈ ಜೋಡು ಉದ್ದೇಶವನ್ನು ಓದುಗರು ನೆನಪಿನಲ್ಲಿಡಬೇಕು. ಮಣ್ಣು ಉಳಿಸುವುದು, ಧಾನ್ಯದ ರಾಶಿ ಕರಗಿಸುವುದು ಎಂಬ ಎರಡು ಎತ್ತುಗಳನ್ನು ಅಂದು ಒಂದೇ ನೊಗಕ್ಕೆ ಕಟ್ಟಲಾಯಿತು. ಧಾನ್ಯ ಹೆಚ್ಚಾಗಿ ಬೆಲೆ ಬಿದ್ದಾಗಲೆಲ್ಲ ಎರಡೂ ಎತ್ತು ಒಂದೇ ಕಡೆ ಎಳೆದವು. ಬೆಲೆ ಏರಿದಾಗಲೆಲ್ಲ ಒಂದು ನಿಂತುಬಿಟ್ಟಿತು.

ಆ ಕಾಲದ ಇನ್ನೊಂದು ವ್ಯವಸ್ಥೆ ಹೆಚ್ಚು ಬಾಳಿಕೆಯದು. ಮಣ್ಣು ಸಂರಕ್ಷಣಾ ಜಿಲ್ಲೆಗಳನ್ನು ರಚಿಸುವಂತೆ ಕೋರಿ ರೂಸ್‌ವೆಲ್ಟ್ 1937ರ ಫೆಬ್ರುವರಿಯಲ್ಲಿ ಎಲ್ಲ ರಾಜ್ಯಗಳ ಗವರ್ನರುಗಳಿಗೆ ಪತ್ರ ಬರೆದರು. ಸ್ಥಳೀಯ ರೈತರದೇ ಮಂಡಳಿ ನಡೆಸುವ ಈ ಜಿಲ್ಲೆಗಳಲ್ಲಿ ಮೊದಲನೆಯದು ಅದೇ ವರ್ಷ ಉತ್ತರ ಕೆರೊಲಿನಾದಲ್ಲಿ, ಬೆನೆಟ್ ಹುಟ್ಟಿದ ಸೀಮೆಯಲ್ಲಿಯೇ ಆರಂಭವಾಯಿತು. ಇಂದು ದೇಶದಾದ್ಯಂತ ಅಂಥ ಸುಮಾರು ಮೂರು ಸಾವಿರ ಜಿಲ್ಲೆಗಳಿವೆ.

ಎರಡು ಸಲ ಬಂದು ಹೋದ ಹುಲ್ಲು

ಎರಡನೆಯ ಮಹಾಯುದ್ಧದ ನಂತರ ಧಾನ್ಯ ಮತ್ತೆ ಉಗ್ರಾಣ ತುಂಬಿ ಹೊರಚೆಲ್ಲಿತು. ಅಧ್ಯಕ್ಷ ಐಸೆನ್‌ಹೋವರ್ ಕಾಲದಲ್ಲಿ, 1956ರಲ್ಲಿ, ‘ಸಾಯಿಲ್ ಬ್ಯಾಂಕ್’ ಎಂಬ ಯೋಜನೆ ಬಂತು. ಹಣವನ್ನು ಬ್ಯಾಂಕಿನಲ್ಲಿಡುವಂತೆ ಮಣ್ಣಿನ ಸತ್ವವನ್ನು ನೆಲದಲ್ಲಿಯೇ ಠೇವಣಿ ಇಡುವುದು ಅದರ ಕಲ್ಪನೆ. ಹೆಚ್ಚೆಂದರೆ ಹತ್ತು ವರ್ಷದ ಕರಾರಿನ ಮೇಲೆ 1960ರ ಹೊತ್ತಿಗೆ 2.8 ಕೋಟಿಗೂ ಹೆಚ್ಚು ಎಕರೆ ಹೊಲ ಹುಲ್ಲು, ಮರಗಳಿಗೆ ಮೀಸಲಾಯಿತು. ಆದರೆ ಕೆಲವೆಡೆ ರೈತರು ಇಡೀ ಜಮೀನನ್ನೇ ಬ್ಯಾಂಕಿಗೆ ಹಾಕಿ ಪಟ್ಟಣ ಸೇರಿಕೊಂಡರು. ಬೀಜ, ಗೊಬ್ಬರ, ಯಂತ್ರ ಮಾರುವ ಅಂಗಡಿಗಳಿಗೆ ವ್ಯಾಪಾರವಿಲ್ಲದೆ ಚಿಕ್ಕ ಊರುಗಳು ಸೊರಗಿದವು. ದೂರು ಹೆಚ್ಚಿ ಹೊಸ ಕರಾರುಗಳು ನಿಂತವು. ಹಳೆಯವು ಒಂದೊಂದಾಗಿ ಮುಗಿದವು.

ಅಷ್ಟರಲ್ಲಿ 1972ರಲ್ಲಿ ಸೋವಿಯತ್ ಒಕ್ಕೂಟ ಅಮೆರಿಕದಿಂದ ಭಾರಿ ಪ್ರಮಾಣದಲ್ಲಿ ಧಾನ್ಯ ಕೊಂಡಿತು. ಗೋಧಿ ಬೆಲೆ ಎರಡೇ ವರ್ಷದಲ್ಲಿ ಎರಡು ಪಟ್ಟಿಗೂ ಮೀರಿ ಏರಿತು. ಆಗಿನ ಕೃಷಿ ಕಾರ್ಯದರ್ಶಿ ಅರ್ಲ್ ಬಟ್ಜ್ ಅವರ ಕಾಲದ ಘೋಷಣೆ, ಬೇಲಿಯಿಂದ ಬೇಲಿಯವರೆಗೆ ಬಿತ್ತಿರಿ ಎಂಬುದು. ಸಾಯಿಲ್ ಬ್ಯಾಂಕಿನ ಹುಲ್ಲು ನೇಗಿಲ ಪಾಲಾಯಿತು. 1934ರಿಂದ 1942ರವರೆಗೆ ಉತ್ತರ ಡಕೋಟದಿಂದ ಟೆಕ್ಸಾಸ್‌ವರೆಗೆ ಗಾಳಿ ತಡೆಯಲೆಂದು ಸುಮಾರು 22 ಕೋಟಿ ಗಿಡ ನೆಡಲಾಗಿತ್ತು. ಹೊಲದ ನಡುವೆ ಗಾಲಿಗಳ ಮೇಲೆ ಸುತ್ತುತ್ತ ನೀರುಣಿಸುವ ಯಂತ್ರಗಳಿಗೆ ಅಡ್ಡಿಯೆಂದು ಆ ಮರಸಾಲುಗಳನ್ನೂ ಹಲವೆಡೆ ಕಡಿದರು. ಮೂವತ್ತು ನಲವತ್ತು ವರ್ಷಗಳ ಶ್ರಮವನ್ನು ಒಂದು ಒಳ್ಳೆಯ ಬೆಲೆ ಅಳಿಸಿಹಾಕಿತು.

ಏರಿದ್ದು ಇಳಿಯಲೇಬೇಕು. 1980ರ ದಶಕದ ಆರಂಭದಲ್ಲಿ ಬೆಲೆ ಕುಸಿದು, ಬಡ್ಡಿ ಏರಿ, ಸಾಲ ಮಾಡಿ ಜಮೀನು ಕೊಂಡಿದ್ದ ರೈತರು ದಿವಾಳಿಯೆದ್ದರು. ಧಾನ್ಯದ ರಾಶಿ, ರೈತರ ಸಾಲ, ಕೊಚ್ಚಿಹೋಗುತ್ತಿದ್ದ ಮಣ್ಣು ಮೂರಕ್ಕೂ ಒಂದೇ ಮದ್ದು ಎಂಬಂತೆ 1985ರ ಡಿಸೆಂಬರಿನಲ್ಲಿ ಅಧ್ಯಕ್ಷ ರೇಗನ್ ಸಹಿ ಹಾಕಿದ ಕಾಯ್ದೆಯಲ್ಲಿ ‘ಸಂರಕ್ಷಣಾ ಮೀಸಲು ಯೋಜನೆ’ ಸೇರಿತು. ಇಂದಿಗೂ ಅಮೆರಿಕದಲ್ಲಿ ಬಿತ್ತದ ಹೊಲಕ್ಕೆ ಬಾಡಿಗೆ ಎಂದರೆ ಮೊದಲು ನೆನಪಾಗುವುದು ಇದೇ.

ಬಾಡಿಗೆ ನಿಗದಿಯಾಗುವ ಬಗೆ

ಯೋಜನೆಯ ಲೆಕ್ಕಾಚಾರ ಸ್ವಾರಸ್ಯಕರ. ರೈತ ತನ್ನ ಹೊಲವನ್ನು ಯಾವ ಬಾಡಿಗೆಗೆ ಬಿಡಲು ಸಿದ್ಧ ಎಂದು ಅರ್ಜಿಯಲ್ಲಿ ಬರೆಯಬೇಕು. ಇದು ಒಂದು ಬಗೆಯ ಹರಾಜು. ಕಡಿಮೆ ಕೇಳಿದವನಿಗೆ ಅವಕಾಶ ಹೆಚ್ಚು. ಆದರೆ ಮೊದಲ ವರ್ಷಗಳಲ್ಲಿ ಪ್ರತಿ ಪ್ರದೇಶಕ್ಕೂ ಸರ್ಕಾರ ಒಪ್ಪುವ ಗರಿಷ್ಠ ದರವೊಂದಿತ್ತು. ಆ ದರ ಬಹಳ ದಿನ ಗುಟ್ಟಾಗಿ ಉಳಿಯಲಿಲ್ಲ. ಅದು ತಿಳಿದ ಕೂಡಲೇ ಬಹುತೇಕ ಎಲ್ಲರೂ ಅದನ್ನೇ ಬರೆಯತೊಡಗಿದರು. ಹರಾಜು ಹೆಸರಿಗಷ್ಟೇ ಉಳಿಯಿತು.

1990ರ ಕಾಯ್ದೆಯ ನಂತರ ಇದನ್ನು ಸರಿಪಡಿಸಲಾಯಿತು. ಈಗ ಅರ್ಜಿಗೆ ಅಂಕ ನೀಡುತ್ತಾರೆ. ಆ ಹೊಲದ ಮಣ್ಣು ಎಷ್ಟು ಸವೆಯುತ್ತದೆ, ಹತ್ತಿರದ ಹೊಳೆ ಕೆರೆಗಳಿಗೆ ಎಷ್ಟು ಲಾಭ, ವನ್ಯಜೀವಿಗಳಿಗೆ ಎಷ್ಟು ಅನುಕೂಲ, ಗಾಳಿ ಎಷ್ಟು ಶುದ್ಧವಾಗುತ್ತದೆ, ಕರಾರು ಮುಗಿದ ಮೇಲೂ ಪ್ರಯೋಜನ ಉಳಿಯುತ್ತದೆಯೆ, ರೈತ ಕೇಳುವ ಬಾಡಿಗೆ ಎಷ್ಟು ಎಂಬುದೆಲ್ಲ ಅದರಲ್ಲಿ ಸೇರುತ್ತದೆ. ಮಣ್ಣಿನ ಗುಣ ಮತ್ತು ಆ ಸೀಮೆಯಲ್ಲಿ ಮಳೆಯಾಶ್ರಿತ ಜಮೀನಿಗೆ ನಡೆಯುವ ಗುತ್ತಿಗೆ ದರ ನೋಡಿ ಗರಿಷ್ಠ ಬಾಡಿಗೆ ನಿರ್ಧಾರವಾಗುತ್ತದೆ. 1990ರ ದಶಕದಲ್ಲಿ ಸರಾಸರಿ ಬಾಡಿಗೆ ಎಕರೆಗೆ ಸುಮಾರು 50 ಡಾಲರ್ ಇತ್ತು. ಹುಲ್ಲು ಅಥವಾ ಮರ ಬೆಳೆಸುವ ಆರಂಭದ ಖರ್ಚಿನಲ್ಲಿ ಅರ್ಧದಷ್ಟನ್ನು ಸರ್ಕಾರ ಭರಿಸುತ್ತದೆ. ಒಬ್ಬರಿಗೆ ವರ್ಷಕ್ಕೆ ಸಲ್ಲುವ ಬಾಡಿಗೆಗೆ 50,000 ಡಾಲರ್ ಮಿತಿ ಇಡಲಾಯಿತು. ಸಾಯಿಲ್ ಬ್ಯಾಂಕಿನ ಪಾಠ ಮರೆಯದೆ, ಸಾಮಾನ್ಯವಾಗಿ ಒಂದು ಕೌಂಟಿಯ ಸಾಗುವಳಿ ಭೂಮಿಯಲ್ಲಿ ಕಾಲು ಭಾಗಕ್ಕಿಂತ ಹೆಚ್ಚನ್ನು ಸೇರಿಸುವಂತಿಲ್ಲ ಎಂಬ ನಿಯಮವೂ ಬಂತು.

ಹಣದ ಜೊತೆಗೆ ಅದೇ ಕಾಯ್ದೆಯಲ್ಲಿ ಬೆತ್ತವೂ ಇತ್ತು. ಬೇಗ ಸವೆಯುವ ನೆಲದಲ್ಲಿ ಸರಿಯಾದ ಕ್ರಮವಿಲ್ಲದೆ ಬೇಸಾಯ ಮಾಡಿದರೆ, ಹೊಸದಾಗಿ ಅಂಥ ನೆಲ ಒಡೆದರೆ, ಜೌಗು ಬತ್ತಿಸಿ ಬಿತ್ತಿದರೆ, ಸರ್ಕಾರದ ಇತರ ಕೃಷಿ ಸಹಾಯಧನಗಳೂ ತಪ್ಪಿಹೋಗುತ್ತವೆ. ಬಾಡಿಗೆ ಪಡೆಯದ ರೈತನೂ ಇದರಿಂದ ಮಣ್ಣಿನತ್ತ ಗಮನ ಕೊಡಬೇಕಾಯಿತು.

ಫಲ ಸಿಗಲಿಲ್ಲವೆಂದು ಯಾರೂ ಹೇಳಲಾರರು. 2007ರಲ್ಲಿ ಯೋಜನೆಯ ಭೂಮಿ 3.68 ಕೋಟಿ ಎಕರೆ ತಲುಪಿತು. ಇದು ಕರ್ನಾಟಕದ ಒಟ್ಟು ವಿಸ್ತೀರ್ಣದ ಮುಕ್ಕಾಲು ಭಾಗಕ್ಕಿಂತಲೂ ಹೆಚ್ಚು. ಸರ್ಕಾರಿ ಸಮೀಕ್ಷೆಯ ಪ್ರಕಾರ 1982ರಲ್ಲಿ ದೇಶದ ಬೇಸಾಯದ ಭೂಮಿಯಿಂದ ವರ್ಷಕ್ಕೆ ಸುಮಾರು 300 ಕೋಟಿ ಟನ್ ಮಣ್ಣು ಸವೆದುಹೋಗುತ್ತಿತ್ತು. 2007ರ ಹೊತ್ತಿಗೆ ಅದು ಶೇ 43ರಷ್ಟು ಇಳಿದಿತ್ತು. ಇದರ ಶ್ರೇಯಸ್ಸು ಬಾಡಿಗೆಗೆ ಮಾತ್ರ ಸಲ್ಲದು. ಕಾಯ್ದೆಯ ಬೆತ್ತಕ್ಕೂ, ಉಳುಮೆ ತಗ್ಗಿಸಿದ ಹೊಸ ಬೇಸಾಯ ಕ್ರಮಕ್ಕೂ ಪಾಲಿದೆ. ಉತ್ತರದ ಬಯಲಿನಲ್ಲಿ ಚಿಕ್ಕ ಚಿಕ್ಕ ಗುಂಡಿಕೆರೆಗಳಿರುವ ಪ್ರದೇಶವೊಂದಿದೆ. ಅಲ್ಲಿನ ಹುಲ್ಲಿನಲ್ಲಿ ಗೂಡುಕಟ್ಟಿದ ಕಾಡು ಬಾತುಗಳ ಸಂಖ್ಯೆ 1990ರ ದಶಕದಲ್ಲಿ ವರ್ಷಕ್ಕೆ ಸುಮಾರು 20 ಲಕ್ಷದಷ್ಟು ಹೆಚ್ಚಿತೆಂದು ವನ್ಯಜೀವಿ ಇಲಾಖೆಯ ಅಧ್ಯಯನ ಅಂದಾಜು ಮಾಡಿದೆ.

ದನ ಸಾಕುವವರ ಪಾಲು

ಹೊಲಕ್ಕೆ ಬಾಡಿಗೆ ಕೊಡುವುದು ಒಂದು ಬಗೆಯಾದರೆ, ದುಡಿಯುವ ನೆಲದಲ್ಲಿಯೇ ಒಳ್ಳೆಯ ಪದ್ಧತಿಗೆ ಹಣ ಕೊಡುವುದು ಇನ್ನೊಂದು ಬಗೆ. 1996ರ ಕಾಯ್ದೆ ಇದಕ್ಕಾಗಿ ಪರಿಸರ ಗುಣಮಟ್ಟ ಪ್ರೋತ್ಸಾಹ ಯೋಜನೆಯನ್ನು ತಂದಿತು. ಅದರ ಅರ್ಧದಷ್ಟು ಹಣವನ್ನು ಪಶುಪಾಲನೆಗೆ ಮೀಸಲಿಟ್ಟಿತು. ‘ರ‍್ಯಾಂಚ್’ ಎಂದು ಕರೆಯುವ ಸಾವಿರಾರು ಎಕರೆಯ ಹುಲ್ಲುಗಾವಲುಗಳಲ್ಲಿ ಮಾಂಸಕ್ಕಾಗಿ ದನ ಸಾಕುವವರಿಗೆ ಇದು ಒದಗಿತು. ದನಗಳು ಹೊಳೆಗೆ ಇಳಿದು ದಡ ಕೆಡಿಸದಂತೆ ಬೇಲಿ, ದೂರದಲ್ಲಿ ನೀರಿನ ತೊಟ್ಟಿ, ಹುಲ್ಲುಗಾವಲನ್ನು ಭಾಗ ಮಾಡಿ ಸರದಿಯಂತೆ ಮೇಯಿಸುವ ಏರ್ಪಾಡು, ಇವುಗಳ ಖರ್ಚಿನಲ್ಲಿ ಸರ್ಕಾರ ಪಾಲು ಕೊಡುತ್ತದೆ.

ಪಶ್ಚಿಮದ ಹನ್ನೊಂದು ರಾಜ್ಯಗಳಲ್ಲಿ ಉಳಿದಿರುವ ‘ಸೇಜ್ ಗ್ರೌಸ್’ ಎಂಬ ಕೋಳಿ ಜಾತಿಯ ಹಕ್ಕಿಯ ಪ್ರಸಂಗ ಇದಕ್ಕೆ ಒಳ್ಳೆಯ ಉದಾಹರಣೆ. ಆ ಹಕ್ಕಿ ಅಳಿವಿನಂಚಿನ ಜೀವಿಗಳ ಪಟ್ಟಿಗೆ ಸೇರಿದರೆ ದನ ಮೇಯಿಸಲು ಕಟ್ಟುಪಾಡು ಬರುತ್ತದೆಂಬ ಭಯ ದನ ಸಾಕುವವರಿಗಿತ್ತು. 2010ರಲ್ಲಿ ಕೃಷಿ ಇಲಾಖೆ ಅವರಿಗೇ ಹಣ ಕೊಟ್ಟು, ಹುಲ್ಲುಗಾವಲಿಗೆ ನುಗ್ಗಿದ್ದ ಮರಗಳನ್ನು ಕಡಿಸಿತು; ಹಾರುವ ಹಕ್ಕಿ ಡಿಕ್ಕಿ ಹೊಡೆಯದಂತೆ ತಂತಿ ಬೇಲಿಗಳಿಗೆ ಗುರುತು ಕಟ್ಟಿಸಿತು. ಹಕ್ಕಿಯನ್ನು ಪಟ್ಟಿಗೆ ಸೇರಿಸುವ ಅಗತ್ಯವಿಲ್ಲವೆಂದು 2015ರ ಸೆಪ್ಟೆಂಬರಿನಲ್ಲಿ ವನ್ಯಜೀವಿ ಇಲಾಖೆ ತೀರ್ಮಾನಿಸಿತು. ಆ ತೀರ್ಮಾನದ ಬಗ್ಗೆ ತಕರಾರುಗಳಿವೆ. ಆದರೂ ಹಕ್ಕಿಗೆ ಒಳ್ಳೆಯದಾದದ್ದು ದನಗಳಿಗೂ ಒಳ್ಳೆಯದೇ ಎಂಬ ಮಾತು ಮೇವು ಹೆಚ್ಚಿದ್ದರಿಂದ ದನ ಸಾಕುವವರಿಗೆ ರುಚಿಸಿತು.

ಈ ಯೋಜನೆಗೂ ಕಳಂಕವಿಲ್ಲದಿಲ್ಲ. ಸಾವಿರಾರು ದನ, ಹಂದಿಗಳನ್ನು ಕೂಡಿಹಾಕಿ ಸಾಕುವ ದೊಡ್ಡ ಉದ್ದಿಮೆಗಳು ಸಗಣಿಗುಂಡಿ ಕಟ್ಟಿಕೊಳ್ಳಲು ಈ ಹಣ ಬಳಸಬಾರದೆಂದು 1996ರ ಕಾಯ್ದೆ ಹೇಳಿತ್ತು. 2002ರಲ್ಲಿ ಆ ನಿರ್ಬಂಧ ತೆಗೆದು, ಒಬ್ಬರಿಗೆ ಸಲ್ಲುವ ಮಿತಿಯನ್ನು 4.5 ಲಕ್ಷ ಡಾಲರಿಗೆ ಏರಿಸಲಾಯಿತು. ಕೊಳೆ ಮಾಡಿದವನೇ ಅದನ್ನು ತೊಳೆಯುವ ಖರ್ಚನ್ನೂ ಜನರಿಂದ ಪಡೆಯುವುದು ಯಾವ ನ್ಯಾಯ ಎಂಬ ಪ್ರಶ್ನೆ ಅಂದಿನಿಂದ ಕೇಳಿಬರುತ್ತಿದೆ.

ಯಾರ ಕೈಗೆ, ಎಷ್ಟು ದಿನ?

ಹಣ ಯಾರ ಕೈ ಸೇರುತ್ತದೆ ಎಂಬ ಪ್ರಶ್ನೆಯೂ ಹಳೆಯದೇ. 1930ರ ದಶಕದಲ್ಲಿ ದಕ್ಷಿಣದ ಹತ್ತಿ ಸೀಮೆಯಲ್ಲಿ ಬಿತ್ತನೆ ಕಡಿಮೆ ಮಾಡಿದ್ದಕ್ಕೆ ಬಂದ ಹಣ ಬಹುಪಾಲು ಭೂಮಾಲೀಕರ ಪಾಲಾಯಿತು. ಪಾಲಿಗೆ ಉಳುತ್ತಿದ್ದವರನ್ನು, ಬಿತ್ತನೆಯೇ ಇಲ್ಲದ ಮೇಲೆ ನಿಮ್ಮ ಕೆಲಸವೇನೆಂದು ಹೊರಹಾಕಿದರು. ಅಂಥ ಬಿಳಿಯರೂ ಕರಿಯರೂ ಸೇರಿ 1934ರಲ್ಲಿ ಆರ್ಕನ್ಸಾದಲ್ಲಿ ಗೇಣಿದಾರರ ಸಂಘ ಕಟ್ಟಿದರು. ಇಂದಿನ ನಿಯಮಗಳು ಗೇಣಿದಾರನಿಗೆ ರಕ್ಷಣೆ ಕೊಡುತ್ತವೆ. ಆದರೆ ನೆಲಕ್ಕೆ ಬಾಡಿಗೆ ಎಂದ ಮೇಲೆ ನೆಲ ಹೆಚ್ಚಿದ್ದವನಿಗೆ ಹಣ ಹೆಚ್ಚು ಸಲ್ಲುವುದು ಸಹಜವೇ.

ಇನ್ನೊಂದು ತೊಡಕು ಕಣ್ಣಿಗೆ ಬೇಗ ಕಾಣದು. ಒಂದು ಕಡೆ ನೂರು ಎಕರೆಗೆ ಹುಲ್ಲು ಹಾಕಿಸಿದರೆ, ಇನ್ನೊಂದು ಕಡೆ ಸುಮಾರು ಇಪ್ಪತ್ತು ಎಕರೆ ಹೊಸ ನೆಲ ನೇಗಿಲಿಗೆ ಸಿಗುತ್ತದೆ ಎಂದು 2000ದಲ್ಲಿ ಪ್ರಕಟವಾದ ಅಧ್ಯಯನವೊಂದು ಲೆಕ್ಕ ಹಾಕಿತು. ಆ ಲೆಕ್ಕವನ್ನು ಒಪ್ಪದ ಅರ್ಥಶಾಸ್ತ್ರಜ್ಞರೂ ಇದ್ದಾರೆ.

ಎಲ್ಲಕ್ಕಿಂತ ದೊಡ್ಡ ಪರೀಕ್ಷೆ ಎದುರಾದದ್ದು 2007ರ ನಂತರ. ಮುಸುಕಿನ ಜೋಳದಿಂದ ತೆಗೆದ ಎಥನಾಲನ್ನು ಪೆಟ್ರೋಲಿಗೆ ಬೆರೆಸಬೇಕೆಂದು 2005 ಮತ್ತು 2007ರ ಕಾಯ್ದೆಗಳು ಕಡ್ಡಾಯಗೊಳಿಸಿದ್ದವು. ಜೋಳದ ಬೆಲೆ ಏರುತ್ತ ಹೋಗಿ 2012ರ ಬರಗಾಲದಲ್ಲಿ ಹಿಂದಿನ ದರದ ಮೂರು ಪಟ್ಟು ದಾಟಿತು. ಕರಾರು ಮುಗಿದ ರೈತ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದ: ಸರ್ಕಾರದ ಬಾಡಿಗೆ ಇಷ್ಟು, ಜೋಳ ಬಿತ್ತಿದರೆ ಇಷ್ಟು. ಹತ್ತು ವರ್ಷಕ್ಕೂ ಕಡಿಮೆ ಅವಧಿಯಲ್ಲಿ ಯೋಜನೆ ಒಂದು ಕೋಟಿಗೂ ಹೆಚ್ಚು ಎಕರೆ ಕಳೆದುಕೊಂಡಿತು. ಉತ್ತರ ಡಕೋಟದಲ್ಲಿ ಅರ್ಧಕ್ಕಿಂತ ಹೆಚ್ಚು ಹುಲ್ಲು ಹೋಯಿತು. ಸರ್ಕಾರವೂ ಖರ್ಚು ತಗ್ಗಿಸಲು 2014ರ ಕಾಯ್ದೆಯಲ್ಲಿ ಗರಿಷ್ಠ ಮಿತಿಯನ್ನು 2.4 ಕೋಟಿ ಎಕರೆಗೆ ಇಳಿಸಿತು. ಬೆಲೆ ಮತ್ತೆ ಇಳಿದ ಮೇಲೆ 2018ರಲ್ಲಿ ಅದನ್ನು 2.7 ಕೋಟಿಗೆ ಏರಿಸಿತು.

ರಾಜಕೀಯದ ಗಾಳಿಯೂ ಬೀಸುತ್ತಲೇ ಇರುತ್ತದೆ. ಹವಾಮಾನ ಬದಲಾವಣೆ ಎದುರಿಸುವ ಬೇಸಾಯಕ್ಕೆಂದು 2022ರ ಕಾಯ್ದೆಯೊಂದು ಸಂರಕ್ಷಣಾ ಯೋಜನೆಗಳಿಗೆ ಸುಮಾರು 1,950 ಕೋಟಿ ಡಾಲರ್ ಹೆಚ್ಚುವರಿ ಹಣ ಕೊಟ್ಟಿತು. 2025ರ ಜುಲೈಯಲ್ಲಿ ಬಂದ ಮತ್ತೊಂದು ಕಾಯ್ದೆ, ಅದರಲ್ಲಿ ಉಳಿದ ಹಣವನ್ನು ಹವಾಮಾನದ ಷರತ್ತಿಲ್ಲದೆ ಮಾಮೂಲು ಯೋಜನೆಗಳಿಗೆ ಸೇರಿಸಿತು.

ಹಾಗಾದರೆ ಇಷ್ಟು ಹಣ ವ್ಯರ್ಥವಾಯಿತೆ? ಇಲ್ಲ. ಹೊಲ ತೊಳೆದುಹೋಗದಿದ್ದರೆ ಲಾಭ ರೈತನೊಬ್ಬನದಲ್ಲ. ಹೊಳೆಯ ಕೆಳಗಿನ ಊರಿಗೆ ತಿಳಿನೀರು ಸಿಗುತ್ತದೆ, ಜಲಾಶಯಕ್ಕೆ ಹೂಳು ತುಂಬುವುದಿಲ್ಲ, ದೂರದ ನಗರಕ್ಕೆ ಧೂಳು ಬರುವುದಿಲ್ಲ. ಈ ಯಾವ ಲಾಭಕ್ಕೂ ಸಂತೆಯಲ್ಲಿ ಬೆಲೆ ಕಟ್ಟುವವರಿಲ್ಲ. ಅದನ್ನು ಅನುಭವಿಸುವ ಸಮಾಜ ತನ್ನ ಬೊಕ್ಕಸದಿಂದ ರೈತನ ನಷ್ಟ ತುಂಬಿಕೊಡುವುದರಲ್ಲಿ ಅನ್ಯಾಯವಿಲ್ಲ. ಆದರೆ ಬಾಡಿಗೆಗೆ ಪಡೆದದ್ದು ಬಾಡಿಗೆ ಕೊಡುವವರೆಗೆ ಮಾತ್ರ ನಮ್ಮದು. ಹುಲ್ಲು ಬೇರೂರಿ ಮಣ್ಣು ಕಟ್ಟಲು ಹತ್ತಾರು ವರ್ಷ ಬೇಕು. ಅದನ್ನು ಮಗುಚಲು ಟ್ರ್ಯಾಕ್ಟರಿಗೆ ಒಂದು ಬೆಳಗು ಸಾಕು.

ತೊಂಬತ್ತು ವರ್ಷಗಳಲ್ಲಿ ಉಳಿದು ಬಂದದ್ದು ಯಾವುದೆಂದು ನೋಡಿದರೆ ಉತ್ತರ ಸಿಗುತ್ತದೆ. ರೈತರೇ ನಡೆಸುವ ಜಿಲ್ಲಾ ಮಂಡಳಿಗಳು ಉಳಿದಿವೆ. ಇಳಿಜಾರಿಗೆ ಅಡ್ಡಲಾಗಿ ಉಳುವುದು, ಕೂಳೆಯನ್ನು ಹೊಲದಲ್ಲಿಯೇ ಬಿಟ್ಟು ಬಿತ್ತುವುದು, ಸರದಿಯಂತೆ ಮೇಯಿಸುವುದು ಹಲವರ ಬೇಸಾಯದ ಭಾಗವೇ ಆಗಿವೆ. ಸರ್ಕಾರದ ಹಣ ಇವುಗಳಿಗೆ ನಾಂದಿ ಹಾಡಿತು. ಮುಂದುವರಿಸಿಕೊಂಡು ಹೋದದ್ದು ತನಗೂ ಇದರಿಂದ ಲಾಭವಿದೆಯೆಂದು ಕಂಡುಕೊಂಡ ರೈತ. ಹಣದ ಆಸೆಗಷ್ಟೇ ಬಂದ ಹುಲ್ಲು ಹೆಚ್ಚು ಹಣ ಕಂಡಾಗ ಹೊರಟುಹೋಯಿತು. ಬಾಡಿಗೆಯಿಂದ ಮಣ್ಣಿಗೆ ಕೆಲವು ವರ್ಷಗಳ ವಿಶ್ರಾಂತಿ ಸಿಗುತ್ತದೆ. ಆ ವಿಶ್ರಾಂತಿಯ ಅವಧಿಯಲ್ಲಿ ಬೇಸಾಯದ ಕ್ರಮವೂ ಬದಲಾದರೆ ಮಾತ್ರ ಆ ಹಣಕ್ಕೆ ಬೆಲೆ.